ನಿಮ್ಮ ಓಣಿಯಲ್ಲಿ ಜನಗಣತಿಗೆ ಯಾರೂ ತಪ್ಪದಂತೆ ನೋಡಿಕೊಳ್ಳುವುದು ಹೇಗೆ

2011ರ ಫೆಬ್ರವರಿಯಲ್ಲಿ ಹಳೇ ಹುಬ್ಬಳ್ಳಿಯ ಎರಡು ಓಣಿಗಳಿಗೆ ನಾನು ಗಣತಿದಾರಳಾಗಿ ಹೋಗಿದ್ದೆ. ಶಾಲೆ ಮುಗಿಸಿಕೊಂಡು ಸಂಜೆ ಕತ್ತಲಾಗುವವರೆಗೆ ಮನೆ ಮನೆ ತಿರುಗಾಟ. ಮಾರ್ಚ್ ಮೊದಲ ವಾರ ಫಾರ್ಮುಗಳನ್ನೆಲ್ಲ ಒಪ್ಪಿಸಿ ನಿರಾಳವಾಗಿದ್ದೆ. ಒಂದಿಷ್ಟು ದಿನ ಕಳೆದ ಮೇಲೆ ಅದೇ ಓಣಿಯಲ್ಲಿ ಬರುತ್ತಿದ್ದಾಗ, ನಾನೇ ಬರೆದುಕೊಂಡು ಹೋಗಿದ್ದ ಮನೆಯೊಂದರ ಪಕ್ಕದ ಸಂದಿಯಿಂದ ಒಬ್ಬ ಹೆಣ್ಣುಮಗಳು ಎರಡು ಕೊಡ ಹಿಡಿದು ಹೊರಗೆ ಬಂದಳು. ಹಿಂದೆ ಮೂರು ಮಕ್ಕಳು. ಆ ಸಂದಿಯ ಕೊನೆಗೆ ತಗಡಿನ ಒಂದು ಕೋಣೆ ಇರುವುದನ್ನು ನಾನು ಗಣತಿಯ ಹೊತ್ತಿನಲ್ಲೂ ನೋಡಿದ್ದೆ, ಕಟ್ಟಿಗೆ ಒಟ್ಟುವ ಜಾಗ ಅಂದುಕೊಂಡು ಬಿಟ್ಟಿದ್ದೆ. ಅಲ್ಲಿ ಐದು ಜನ ಇದ್ದರು. "ನೀವು ಬಂದಿದ್ರಿ ಅಕ್ಕೋರ, ನಾ ನೋಡೇನಿ. ಮಾಲಕರ ಜೋಡಿ ಮಾತಾಡಿ ಹೋದ್ರಿ. ನಮ್ಮ ಕಡೆನೂ ಬರ್ತೀರಿ ಅಂತ ಕಾಯ್ದೆ" ಅಂದಳು.

ತಪ್ಪು ನನ್ನದೇ. ಗಣತಿಗೆ ಮುಂಚೆ ಮನೆಗಳನ್ನು ಬರೆದಿಡುವ ಮನೆಪಟ್ಟಿಯಲ್ಲಿ ಆ ಕೋಣೆ ಇರಲಿಲ್ಲ, ನಾನೂ ಸೇರಿಸಲಿಲ್ಲ, ಮಾಲೀಕರೂ ಹೇಳಲಿಲ್ಲ. ಜನ ಲೆಕ್ಕದಿಂದ ತಪ್ಪುವುದು ಹೆಚ್ಚಾಗಿ ಹೀಗೇ. ಯಾರೂ ಬೇಕಂತ ಮಾಡುವುದಿಲ್ಲ. ಒಬ್ಬರು ಕೇಳುವುದಿಲ್ಲ, ಇನ್ನೊಬ್ಬರು ಹೇಳುವುದಿಲ್ಲ, ಅಷ್ಟೇ. ಅದಕ್ಕೇ ಇದನ್ನು ಸರಿಮಾಡಲು ದೊಡ್ಡ ಅಧಿಕಾರ ಬೇಕಾಗಿಲ್ಲ, ಓಣಿಗೆ ಇಬ್ಬರು ಮನಸ್ಸು ಮಾಡಿದರೆ ಸಾಕು. ಆ ಇಬ್ಬರಿಗಾಗಿ ಇದನ್ನು ಬರೆಯುತ್ತಿದ್ದೇನೆ.

ಮೊದಲು ದಿನಾಂಕಗಳು. 2021ರಲ್ಲಿ ಆಗಬೇಕಿದ್ದ ಗಣತಿ ಕೋವಿಡ್‌ನಿಂದ ಮುಂದಕ್ಕೆ ಹೋಯಿತು. ಈಗ ಅದು ಎರಡು ಹಂತದಲ್ಲಿದೆ. 2026ರಲ್ಲಿ ಮನೆಪಟ್ಟಿ, 2027ರ ಫೆಬ್ರವರಿಯಲ್ಲಿ ತಲೆ ಎಣಿಕೆ. ಲೆಕ್ಕಕ್ಕೆ ಹಿಡಿಯುವ ಗಳಿಗೆ 2027ರ ಮಾರ್ಚ್ 1ರ ಮಧ್ಯರಾತ್ರಿ, ಅಂದರೆ ಫೆಬ್ರವರಿ 28 ಮುಗಿದು ಮಾರ್ಚ್ ಹುಟ್ಟುವ ಹೊತ್ತು. ಮನೆಪಟ್ಟಿಯಲ್ಲಿ ಬಾಗಿಲು ತಪ್ಪಿದರೆ ತಲೆ ಎಣಿಕೆಯಲ್ಲಿ ಆ ಮನೆಯ ಜನ ತಪ್ಪುವ ಸಂಭವ ಜಾಸ್ತಿ, ಯಾಕೆಂದರೆ ಎರಡನೇ ಸಲ ಬರುವವರು ಮೊದಲನೇ ಪಟ್ಟಿ ಹಿಡಿದುಕೊಂಡೇ ಬರುತ್ತಾರೆ.

ಎಷ್ಟು ಜನ ತಪ್ಪುತ್ತಾರೆ ಅನ್ನುವುದು ಊಹೆಯ ಮಾತಲ್ಲ. ಗಣತಿ ಮುಗಿದ ಮೇಲೆ ಸರ್ಕಾರವೇ ಆಯ್ದ ಕೆಲವು ಬ್ಲಾಕುಗಳಿಗೆ (ಒಬ್ಬ ಗಣತಿದಾರರಿಗೆ ಹಂಚಿಕೊಟ್ಟ ಪ್ರದೇಶಕ್ಕೆ ಬ್ಲಾಕು ಅಂತಾರೆ) ಬೇರೆ ಸಿಬ್ಬಂದಿ ಕಳಿಸಿ ಮತ್ತೆ ಎಣಿಸುತ್ತದೆ, ಮೊದಲಿನ ಪಟ್ಟಿಯ ಜೊತೆ ಒಂದೊಂದೇ ಹೆಸರು ತಾಳೆ ನೋಡುತ್ತದೆ. 2001ರಲ್ಲೂ 2011ರಲ್ಲೂ ದೇಶಕ್ಕೆ ಸಿಕ್ಕ ಉತ್ತರ ಹೆಚ್ಚುಕಡಿಮೆ ಒಂದೇ: ಸಾವಿರಕ್ಕೆ 23 ಜನ ಬಿಟ್ಟುಹೋಗಿದ್ದರು. ಅದೂ ಎರಡು ಸಲ ಬರೆಸಿಕೊಂಡವರನ್ನು ಕಳೆದ ಮೇಲೆ ಉಳಿದ ಲೆಕ್ಕ. ನಿಜವಾಗಿ ತಪ್ಪಿದವರು ಅದಕ್ಕಿಂತ ಜಾಸ್ತಿ. ಹಳ್ಳಿಗಿಂತ ಶಹರದಲ್ಲಿ ತಪ್ಪುವುದು ಹೆಚ್ಚು. 2011ರಲ್ಲಿ ಹುಬ್ಬಳ್ಳಿ-ಧಾರವಾಡದ ಜನಸಂಖ್ಯೆ ಸುಮಾರು 9.43 ಲಕ್ಷ ಅಂತ ಬಂತು. ದೇಶದ ಸರಾಸರಿಯನ್ನೇ ನಮ್ಮೂರಿಗೆ ಹಾಕಿ ನೋಡಿದರೂ ಸುಮಾರು 22 ಸಾವಿರ ಜನ ಆಗುತ್ತದೆ. 2021ರ ಚುನಾವಣೆಯ ಹೊತ್ತಿಗೆ ನಮ್ಮ ಪಾಲಿಕೆಗೆ 82 ವಾರ್ಡು ಇದ್ದವು. ಅಂದರೆ ಹತ್ತಿರಹತ್ತಿರ ಎರಡು ವಾರ್ಡಿನಷ್ಟು ಮಂದಿ ಕಾಗದದ ಮೇಲೆ ಇಲ್ಲವಾದ ಹಾಗೆ. ಆಮೇಲೆ ಆ ಮರುಎಣಿಕೆ ನೋಡಿ ಗಣತಿಯ ಅಂಕಿಯನ್ನು ನಮ್ಮ ದೇಶದಲ್ಲಿ ತಿದ್ದುವುದೂ ಇಲ್ಲ. ತಪ್ಪಿದವರು ತಪ್ಪಿದರು.

ಇದರಿಂದ ಏನಾಗುತ್ತದೆ ಅಂತ ಕೇಳುವವರಿಗೆ ರೇಷನ್ ಕಾರ್ಡಿನ ಉದಾಹರಣೆ ಕೊಡಿ, ತಟ್ಟನೆ ಅರ್ಥವಾಗುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಲ್ಲಿ ದೇಶದ ಹಳ್ಳಿಗಳ ಶೇ 75, ಪಟ್ಟಣಗಳ ಶೇ 50 ಜನಕ್ಕೆ ಧಾನ್ಯ ಅಂತ ಇದೆ. ಆ ಶೇಕಡಾವನ್ನು ಲೆಕ್ಕ ಹಾಕಿದ್ದು 2011ರ ಗಣತಿಯ ಮೇಲೆ. ಅದೇ ಅಂಕಿ ಇಷ್ಟು ವರ್ಷ ನಡೆದುಕೊಂಡು ಬಂದಿದೆ. ವಾರ್ಡಿನ ಗಡಿ, ಪರಿಶಿಷ್ಟರ ಮೀಸಲು ಸ್ಥಾನ, ರಾಜ್ಯಕ್ಕೆ ಬರುವ ತೆರಿಗೆ ಪಾಲು, ಎಲ್ಲದರ ಅಡಿಗೆ ಇದೇ ಲೆಕ್ಕ ಇದೆ. ಒಂದು ಸಲ ತಪ್ಪಿದರೆ ಹತ್ತು ವರ್ಷ. ಈ ಸಲ ಹದಿನಾರು ವರ್ಷ ಆಯಿತು.

ಬಾಗಿಲು ಹುಡುಕುವುದರಿಂದ ಶುರುಮಾಡಿ

ಒಂದು ನೋಟ್‌ಬುಕ್ ತೆಗೆದುಕೊಳ್ಳಿ, ಓಣಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಿರಿ. ಅವಸರ ಬೇಡ, ಎರಡು ಸಲ ನಡೆಯಿರಿ. ಒಮ್ಮೆ ಮಧ್ಯಾಹ್ನ, ಒಮ್ಮೆ ರಾತ್ರಿ ಎಂಟರ ಮೇಲೆ. ರಾತ್ರಿ ದೀಪ ಹತ್ತಿದಾಗ ಹಗಲು ಕಾಣದ ಕೋಣೆಗಳು ಕಾಣುತ್ತವೆ. ಗೋಡೌನ್ ಅಂದುಕೊಂಡದ್ದರ ಮೇಲೆ ಹುಡುಗರು ಮಲಗುತ್ತಾರೆ, ಅಂಗಡಿಯ ಶಟರ್ ಒಳಗೆ ಸ್ಟೋವ್ ಉರಿಯುತ್ತದೆ, ಕಟ್ಟುತ್ತಿರುವ ಬಿಲ್ಡಿಂಗಿನ ನೆಲಮಹಡಿಯಲ್ಲಿ ವಾಚ್‌ಮನ್ ಸಂಸಾರ ಇರುತ್ತದೆ. ಬಾಗಿಲು ಎಷ್ಟು ಅಂತಲ್ಲ, ಒಲೆ ಎಷ್ಟು ಅಂತ ಎಣಿಸಿ. ಗಣತಿಯಲ್ಲಿ ಒಂದು ಕುಟುಂಬ ಅಂದರೆ ಸಾಮಾನ್ಯವಾಗಿ ಕೂಡಿ ಇದ್ದು ಒಂದೇ ಅಡುಗೆಮನೆಯಲ್ಲಿ ಉಣ್ಣುವವರು. ಅಣ್ಣತಮ್ಮಂದಿರು ಒಂದೇ ಮನೆಯಲ್ಲಿದ್ದು ಒಲೆ ಬೇರೆ ಮಾಡಿಕೊಂಡಿದ್ದರೆ ಅವು ಎರಡು ಕುಟುಂಬ. ಚಾಳದಲ್ಲಿ ಎಂಟು ಕೋಣೆ ಇದ್ದು ಮುಂದೆ ಒಂದೇ ಗೇಟ್ ಇದ್ದರೆ ಗಣತಿದಾರರು ಗೇಟಿನಲ್ಲೇ ನಿಂತು ಬರೆದುಕೊಂಡು ಹೋಗಬಹುದು. ಅಂಥ ಕಡೆ ಯಾರಾದರೂ ಒಬ್ಬರು ಜೊತೆಗೆ ಒಳಗೆ ಹೋಗಲೇಬೇಕು.

ಕರೆಂಟ್ ಮೀಟರ್ ನೋಡಿ ಮನೆ ಎಣಿಸಬೇಡಿ. ಹಳೇ ಹುಬ್ಬಳ್ಳಿಯಲ್ಲಿ, ಬೆಟಗೇರಿಯ ನೇಕಾರ ಓಣಿಗಳಲ್ಲಿ ಒಂದು ಮೀಟರಿನ ಮೇಲೆ ಮೂರು ನಾಲ್ಕು ಒಲೆ ಇರುವುದು ಹೊಸದೇನಲ್ಲ.

ಇನ್ನೊಂದು ಜಾಗ ಊರಿನ ಅಂಚು. ಹುಬ್ಬಳ್ಳಿಗೂ ಧಾರವಾಡಕ್ಕೂ ನಡುವೆ, ಗದಗಿನ ಹೊರಗೆ, ರಾಣೆಬೆನ್ನೂರಿನ ಸುತ್ತ ಹೊಸ ಲೇಔಟುಗಳು ಎದ್ದಿವೆ. ಕೆಲವು ಕಡೆ ರಸ್ತೆಯ ಈಚೆ ಪಾಲಿಕೆ, ಆಚೆ ಗ್ರಾಮ ಪಂಚಾಯಿತಿ. ಈಚೆಯವರು ಆಚೆಯವರದು ಅಂತಾರೆ, ಆಚೆಯವರು ಈಚೆಯವರದು ಅಂತಾರೆ. ನಿಮ್ಮ ಲೇಔಟು ಯಾವ ಬ್ಲಾಕಿಗೆ ಸೇರಿದೆ ಅಂತ ವಲಯ ಕಚೇರಿಯಲ್ಲೋ ತಹಶೀಲ್ದಾರ್ ಕಚೇರಿಯಲ್ಲೋ ಮುಂಚೆಯೇ ಕೇಳಿ. ಮನೆಪಟ್ಟಿ ಆದ ಮೇಲೆ ಗೃಹಪ್ರವೇಶ ಮಾಡಿದ ಮನೆಗಳನ್ನೂ ಗುರುತು ಮಾಡಿಕೊಳ್ಳಿ. ಪಟ್ಟಿಯಲ್ಲಿ ಅವು ಖಾಲಿ ಅಂತಲೋ ಕಟ್ಟುತ್ತಿದೆ ಅಂತಲೋ ಇರುತ್ತವೆ.

ನರಗುಂದ, ರೋಣದ ಕಡೆ ಮಲಪ್ರಭಾ, ಬೆಣ್ಣಿಹಳ್ಳದ ಪ್ರವಾಹದ ನಂತರ ಕಟ್ಟಿದ ನವಗ್ರಾಮಗಳದ್ದು ಬೇರೆಯೇ ತೊಡಕು. ಒಂದೇ ಕುಟುಂಬಕ್ಕೆ ಹಳೇ ಊರಲ್ಲಿ ಒಂದು ಮನೆ, ನವಗ್ರಾಮದಲ್ಲಿ ಒಂದು ಮನೆ ಇರುತ್ತದೆ. ದನ ಇಲ್ಲಿ, ಮಲಗುವುದು ಅಲ್ಲಿ. ಎರಡೂ ಕಡೆ ಕೀಲಿ ಕಂಡರೆ ಎರಡೂ ಕಡೆ ತಪ್ಪುತ್ತಾರೆ. ಅಂಥ ಮನೆಗಳವರು ಯಾವ ಕಡೆ ಬರೆಸುತ್ತೇವೆ ಅಂತ ಮೊದಲೇ ತೀರ್ಮಾನ ಮಾಡಿಕೊಂಡು ಒಂದೇ ಕಡೆ ಬರೆಸಬೇಕು. ಎರಡೂ ಕಡೆ ಬರೆಸಿದರೆ ಅದೂ ತಪ್ಪೇ.

"ಮನೆಯಲ್ಲಿ ಎಷ್ಟು ಜನ" ಅಂತ ಕೇಳಿದರೆ ಸಾಲದು

ನನ್ನ ಅನುಭವದಲ್ಲಿ ಜನ ಹೆಚ್ಚು ತಪ್ಪುವುದು ಇಲ್ಲೇ. "ನಾಕ ಮಂದಿರಿ" ಅಂತ ಉತ್ತರ ಬರುತ್ತದೆ, ಅವರು ಸುಳ್ಳು ಹೇಳುವುದಿಲ್ಲ, ಆದರೆ ನಾಲ್ಕು ಅಂದರೆ ಅವರ ಮನಸ್ಸಿನಲ್ಲಿ ಇರುವ ನಾಲ್ಕು. ಮೊದಲು ಮರೆತುಹೋಗುವುದು ಕೂಸು. ಹಲವು ದೇಶಗಳ ಗಣತಿಯಲ್ಲಿ ಸಣ್ಣ ಮಕ್ಕಳು ತಪ್ಪುವುದು ಇದ್ದೇ ಇದೆ, ಅಮೆರಿಕದ 2020ರ ಗಣತಿಯಲ್ಲೂ ಐದು ವರ್ಷದೊಳಗಿನ ಮಕ್ಕಳು ಹೀಗೇ ಬಿಟ್ಟುಹೋಗಿದ್ದರು. ನಮ್ಮಲ್ಲಿ ಅದಕ್ಕೆ ಬಾಣಂತನ ಸೇರಿಕೊಳ್ಳುತ್ತದೆ. ಚೊಚ್ಚಲ ಹೆರಿಗೆಗೆ ಮಗಳು ತವರಿಗೆ ಬಂದಿರುತ್ತಾಳೆ. ಹಾವೇರಿಯ ತವರಿನವರು "ಆಕಿ ಅತ್ತಿ ಮನ್ಯಾಗ ಬರಸ್ಯಾರ" ಅಂತಾರೆ, ಗದಗಿನ ಅತ್ತೆ ಮನೆಯವರು "ಆಕಿ ಇಲ್ಲಿಲ್ಲಲ್ಲರಿ" ಅಂತಾರೆ. ತಾಯಿ, ಕೂಸು ಇಬ್ಬರೂ ಎಲ್ಲೂ ಇಲ್ಲ. ಕೂಸಿಗೆ ಹೆಸರಿಟ್ಟಿಲ್ಲ ಅಂತ ಬಿಡುವವರೂ ಇದ್ದಾರೆ. ಹೆಸರಿಡದಿದ್ದರೂ ಕೂಸನ್ನು ಬರೆಸಬಹುದು, ಬರೆಸಬೇಕು.

ಹಾಗಾಗಿ ಕೇಳುವ ರೀತಿ ಬದಲಿಸಿ. "ನಿನ್ನೆ ರಾತ್ರಿ ಈ ಮನೆಯಲ್ಲಿ ಯಾರ್ಯಾರು ಉಂಡರು, ಯಾರ್ಯಾರು ಮಲಗಿದರು?" ಅಂತ ಕೇಳಿ. ಆಮೇಲೆ "ಯಾರಾದರೂ ಬಾಣಂತಿ ಇದ್ದಾರಾ? ತೊಟ್ಟಿಲು ಕೂಸು?" ಅಂತ ಬೇರೆಯಾಗಿ ಕೇಳಿ. "ಹಾಸಿಗೆ ಹಿಡಿದ ಅಜ್ಜ, ಅಜ್ಜಿ?" ಅಂತ ಕೇಳಿ. "ಕೆಲಸಕ್ಕೆ ಇಟ್ಟುಕೊಂಡ ಹುಡುಗ, ಹುಡುಗಿ ಇಲ್ಲೇ ಮಲಗುತ್ತಾರಾ?" ಇದನ್ನು ಖಾನಾವಳಿಗಳಲ್ಲಿ, ಬೇಕರಿಗಳಲ್ಲಿ ಮರೆಯದೆ ಕೇಳಬೇಕು. ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಅಕ್ಕತಂಗಿಯರು, ಓದಲು ಬಂದು ಮಾಮಾನ ಮನೆಯಲ್ಲಿ ಉಳಿದ ಹುಡುಗರು, ಇವರೆಲ್ಲ ಮನೆಯವರ ಬಾಯಲ್ಲಿ "ನಮ್ಮ ಮನಿಯವರು" ಅಂತ ಬರುವುದೇ ಇಲ್ಲ. ಮಾನಸಿಕ ಕಾಯಿಲೆ ಇರುವವರನ್ನೂ ಅಂಗವಿಕಲ ಮಕ್ಕಳನ್ನೂ ನಾಚಿಕೆಯಿಂದ ಮುಚ್ಚಿಡುವ ಮನೆಗಳು ಇನ್ನೂ ಇವೆ. ಅಲ್ಲಿ ಗಟ್ಟಿಯಾಗಿ ಬೀದಿಗೆ ಕೇಳುವಂತೆ ಪ್ರಶ್ನೆ ಹಾಕಬೇಡಿ. ಒಳಗೆ ಕೂತು, ನೀರು ಕುಡಿದು, ಮೆಲ್ಲಗೆ ಕೇಳಿ. ಅಂಗವಿಕಲರ ಲೆಕ್ಕವೇ ಕಡಿಮೆ ಬಂದರೆ ಅವರ ಸೌಲಭ್ಯಕ್ಕೆ ಹಣ ಎಲ್ಲಿಂದ ಬರಬೇಕು?

ಧಾರವಾಡದವರಿಗೆ ಒಂದು ಮಾತು. ಸಪ್ತಾಪುರ, ಕಲ್ಯಾಣನಗರದ ಕಡೆ ಪರೀಕ್ಷೆಗೆ ಓದುವ ಸಾವಿರಾರು ಹುಡುಗ ಹುಡುಗಿಯರು ಪಿಜಿಯಲ್ಲೋ ಬಾಡಿಗೆ ರೂಮಿನಲ್ಲೋ ಇದ್ದಾರೆ. ಊರಲ್ಲಿ ಅಪ್ಪ ಅವ್ವ "ನಮ್ಮ ಮಗ ಧಾರವಾಡದಾಗ ಅದಾನ" ಅಂತಾರೆ, ಇಲ್ಲಿ ರೂಮಿನವರು "ಊರಾಗ ಬರಸಿರತಾರ ಬಿಡ್ರಿ" ಅಂತಾರೆ. ತಿಂಗಳಾನುಗಟ್ಟಲೆ ಇಲ್ಲೇ ಇರುವವರು ಇಲ್ಲೇ ಬರೆಸಬೇಕು. ಮನೆಗೆ ಒಂದು ಫೋನ್ ಮಾಡಿ "ನನ್ನ ಹೆಸರು ಅಲ್ಲಿ ಬರೆಸಬೇಡಿ, ಇಲ್ಲಿ ಬರೆಸಿದ್ದೇನೆ" ಅಂದರೆ ಮುಗಿಯಿತು. ಹಾಸ್ಟೆಲುಗಳನ್ನು ಸಂಸ್ಥೆಗಳ ಲೆಕ್ಕದಲ್ಲಿ ಬೇರೆಯಾಗಿ ಬರೆಯುತ್ತಾರೆ, ಆದರೆ ಪಿಜಿ ನಡೆಸುವವರು ಪಟ್ಟಿ ಮಾಡಿ ಇಟ್ಟಿರದಿದ್ದರೆ ಗಣತಿದಾರರಿಗೆ ಹಗಲು ಹೊತ್ತು ಸಿಗುವುದು ಖಾಲಿ ಕಾಟುಗಳು. ಪಿಜಿ ಮಾಲೀಕರ ಹತ್ತಿರ ಹೋಗಿ ಆ ಪಟ್ಟಿ ಮಾಡಿಸಿ.

ಕೆಲಸಕ್ಕೆ ಹೋದವರು, ಕೆಲಸಕ್ಕೆ ಬಂದವರು

ಇದನ್ನು ಸ್ವಲ್ಪ ನಿಧಾನವಾಗಿ ಓದಿ, ಯಾಕೆಂದರೆ ಧಾರವಾಡ, ಗದಗ, ಹಾವೇರಿ, ನಮ್ಮ ಈ ಮೂರು ಜಿಲ್ಲೆಗಳಲ್ಲಿ ಇದೇ ಹೆಚ್ಚು ಗೊಂದಲದ್ದು. 2011ರಲ್ಲಿ ನಮಗೆ ಕಲಿಸಿದ ನಿಯಮ ಹೀಗಿತ್ತು. ಎಣಿಕೆ ಫೆಬ್ರವರಿ 9ರಿಂದ 28ರವರೆಗೆ ನಡೆಯಿತು. ಅಷ್ಟೂ ದಿನ ಒಬ್ಬರು ಮನೆಯಿಂದ ದೂರವೇ ಇದ್ದರೆ ಅವರನ್ನು ಇರುವ ಕಡೆ ಬರೆಯಬೇಕು. ಆ ಅವಧಿಯಲ್ಲಿ ಕೆಲವು ದಿನವಾದರೂ ಮನೆಯಲ್ಲಿದ್ದರೆ, ಇಲ್ಲವೇ 28ರೊಳಗೆ ವಾಪಸ್ ಬರುವವರಿದ್ದರೆ ಮನೆಯಲ್ಲೇ ಬರೆಯಬೇಕು.

ಈಗ ಶಿರಹಟ್ಟಿ, ಮುಂಡರಗಿ ಕಡೆಯ ತಾಂಡಾದಿಂದ ಗೋವಾಕ್ಕೆ ದುಡಿಯಲು ಹೋದ ಸಂಸಾರ ನೆನೆಸಿಕೊಳ್ಳಿ. ಫೆಬ್ರವರಿ ಪೂರ್ತಿ ಅಲ್ಲೇ ಇದ್ದರೆ ಅವರನ್ನು ಎಣಿಸಬೇಕಾದದ್ದು ಗೋವಾದಲ್ಲಿ. ಆದರೆ ಅಲ್ಲಿ ಸೈಟಿನ ಶೆಡ್ಡಿಗೆ ಗಣತಿದಾರರು ಬಂದಾಗ ಇವರು "ನಮ್ಮದು ಕರ್ನಾಟಕ, ಊರಾಗ ಬರಸ್ತೀವಿ" ಅಂತ ಕಳಿಸಿಬಿಡುತ್ತಾರೆ. ತಾಂಡಾದಲ್ಲಿ ಮನೆಗೆ ಕೀಲಿ. ಹೀಗೆ ಎರಡೂ ಕಡೆ ಜಾರಿಹೋಗುತ್ತಾರೆ. ತಾಂಡಾದ ನಾಯಕರೋ ಅಂಗನವಾಡಿ ಕಾರ್ಯಕರ್ತೆಯೋ ಫೆಬ್ರವರಿ ಮೊದಲ ವಾರದಲ್ಲಿ ಹೊರಗಿರುವವರಿಗೆಲ್ಲ ಒಂದೊಂದು ಫೋನ್ ಮಾಡಿ, ಯಾರು ಈ ತಿಂಗಳು ಬರುತ್ತೀರಿ, ಯಾರು ಬರುವುದಿಲ್ಲ ಅಂತ ಕೇಳಿ ಎರಡು ಪಟ್ಟಿ ಮಾಡಬೇಕು. ಬರದವರಿಗೆ "ಅಲ್ಲೇ ಬರೆಸಿರಿ, ಊರಿನ ಹಕ್ಕು ಎಲ್ಲೂ ಹೋಗೂದಿಲ್ಲ" ಅಂತ ಧೈರ್ಯ ಹೇಳಬೇಕು. ನಿಜವಾಗಿಯೂ ಎಲ್ಲೂ ಹೋಗುವುದಿಲ್ಲ. ಗಣತಿಯಲ್ಲಿ ಹೆಸರು ಎಲ್ಲಿ ಬರೆಸಿದರೂ ಮತದಾರರ ಪಟ್ಟಿಯಲ್ಲಿರುವ ಅವರ ಹೆಸರು, ಅವರ ರೇಷನ್ ಕಾರ್ಡು ಹಾಗೇ ಇರುತ್ತವೆ.

ಇದರ ಉಲ್ಟಾ ಬ್ಯಾಡಗಿಯಲ್ಲಿ. ಫೆಬ್ರವರಿ ಅಂದರೆ ಮೆಣಸಿನಕಾಯಿ ಮಾರುಕಟ್ಟೆಯ ಸುಗ್ಗಿ. ಹಮಾಲರು, ತೊಟ್ಟು ಬಿಡಿಸುವ ಹೆಣ್ಣುಮಕ್ಕಳು ಬೆಳಗಿನಿಂದ ರಾತ್ರಿವರೆಗೆ ಅಂಗಡಿಗಳಲ್ಲೇ. ಹಗಲು ಮನೆಗೆ ಹೋದರೆ ಯಾರೂ ಸಿಗುವುದಿಲ್ಲ. ಹೊರಗಿನಿಂದ ಬಂದು ಅಲ್ಲೇ ಉಳಿದವರನ್ನು ಹುಡುಕುವುದು ಇನ್ನೂ ಕಷ್ಟ. ದಲ್ಲಾಳಿ ಅಂಗಡಿಯವರು ತಮ್ಮಲ್ಲಿ ರಾತ್ರಿ ಉಳಿಯುವವರು ಎಷ್ಟು ಜನ ಅಂತ ಗಣತಿದಾರರಿಗೆ ತಾವಾಗೇ ಹೇಳಿದರೆ ದೊಡ್ಡ ಉಪಕಾರ. ಹುಬ್ಬಳ್ಳಿಯ ತಾರಿಹಾಳ, ಗೋಕುಲ ರಸ್ತೆಯ ಕಾರ್ಖಾನೆಗಳಲ್ಲಿ ಉತ್ತರದ ರಾಜ್ಯಗಳಿಂದ ಬಂದವರ ವಿಷಯವೂ ಇಂಥದ್ದೇ, ಅಲ್ಲಿ ಭಾಷೆಯ ತೊಡಕು ಬೇರೆ. ಹಿಂದಿ ಬರುವ ಒಬ್ಬರು ಗಣತಿದಾರರ ಜೊತೆ ಒಂದು ಸಂಜೆ ಹೋದರೆ ಕೆಲಸ ಸಲೀಸು. ಕುರಿ ಹಿಂಡು ಹೊಡೆದುಕೊಂಡು ಹೊಲ ಹೊಲ ತಿರುಗುವವರನ್ನೂ ಮರೆಯಬೇಡಿ. ಯಾವ ಊರಿನ ಹೊಲದಲ್ಲಿ ಕುರಿ ತರುಬಿದ್ದಾರೆ ಅಂತ ಆ ಊರಿನ ರೈತರಿಗೆ ಗೊತ್ತಿರುತ್ತದೆ, ಗಣತಿದಾರರಿಗೆ ಗೊತ್ತಿರುವುದಿಲ್ಲ.

ಹೆದರಿಕೆ ಬಿಡಿಸುವುದು

ನಮ್ಮ ಊರುಗಳಲ್ಲಿ ಜಾಸ್ತಿ ಹೆದರುವವರು ಬಾಡಿಗೆ ಕೊಟ್ಟ ಮಾಲೀಕರು. ಬಾಡಿಗೆಯವರ ಹೆಸರು ಹೇಳಿದರೆ ಮನೆ ತೆರಿಗೆ ಏರಿಸುತ್ತಾರೆ, ಮುಂದೆ ಕೋರ್ಟಿನಲ್ಲಿ ಬಾಡಿಗೆಯವರಿಗೆ ಅದೇ ದಾಖಲೆ ಆಗುತ್ತದೆ ಅನ್ನುವ ಭಯ. 1948ರ ಜನಗಣತಿ ಕಾಯ್ದೆಯ 15ನೇ ಕಲಮು ಅವರಿಗೆ ಓದಿ ಹೇಳಿ: ಗಣತಿಯ ದಾಖಲೆಯನ್ನು ಬೇರೆ ಯಾರೂ ನೋಡುವ ಹಾಗಿಲ್ಲ, ಅದು ಕೋರ್ಟಿನಲ್ಲಿ ಸಾಕ್ಷಿಯಾಗಿಯೂ ನಡೆಯುವುದಿಲ್ಲ. ಗಣತಿದಾರರು ಕಾಗದಪತ್ರ ತೋರಿಸಿ ಅನ್ನುವುದಿಲ್ಲ, ಬ್ಯಾಂಕ್ ಖಾತೆ ಕೇಳುವುದಿಲ್ಲ. ಯಾರಾದರೂ ಕೇಳಿದರೆ ಅವರು ಗಣತಿದಾರರಲ್ಲ ಅಂತ ತಿಳಿಯಿರಿ, ಗುರುತಿನ ಚೀಟಿ ನೋಡಿ. ಉತ್ತರ ಕೊಡದವರಿಗೆ ಕಾಯ್ದೆಯಲ್ಲಿ ಸಾವಿರ ರೂಪಾಯಿವರೆಗೆ ದಂಡ ಇದೆ, ಆದರೆ ದಯವಿಟ್ಟು ಓಣಿಯಲ್ಲಿ ಆ ಮಾತು ಎತ್ತಬೇಡಿ. ದಂಡ ಅಂದ ಕೂಡಲೇ ಜನ ಬಾಗಿಲು ಹಾಕಿಕೊಳ್ಳುತ್ತಾರೆ.

ಇನ್ನೊಂದು ಗೊಂದಲ, "ನಮ್ಮದು ಆಗೇತ್ರಿ" ಅನ್ನುವುದು. 2025ರಲ್ಲಿ ರಾಜ್ಯದಲ್ಲಿ ಪರಿಶಿಷ್ಟ ಜಾತಿಗಳ ಒಳಮೀಸಲಾತಿಗೆ ಒಂದು ಸಮೀಕ್ಷೆ ನಡೆಯಿತು. ಆಮೇಲೆ ಸೆಪ್ಟೆಂಬರಿನಿಂದ ಹಿಂದುಳಿದ ವರ್ಗಗಳ ಆಯೋಗದ ಸಮೀಕ್ಷೆ ಬಂತು, ಮನೆಬಾಗಿಲಿಗೆ ಸ್ಟಿಕರ್ ಅಂಟಿಸಿದರು. ಆ ಸ್ಟಿಕರ್ ತೋರಿಸಿ ಜನ ಗಣತಿದಾರರನ್ನು ವಾಪಸ್ ಕಳಿಸುತ್ತಾರೆ. ಅವು ರಾಜ್ಯದ್ದು, ಇದು ದೇಶದ್ದು. ಈ ಗಣತಿಯಲ್ಲೂ ಜಾತಿ ಕೇಳುವುದರಿಂದ ಗೊಂದಲ ಇನ್ನೂ ಹೆಚ್ಚು. ಮನೆಪಟ್ಟಿಯಲ್ಲಿ ಬರೆಸಿದವರೂ ಫೆಬ್ರವರಿಯಲ್ಲಿ ಮತ್ತೆ ಬರೆಸಲೇಬೇಕು, ಇದನ್ನು ಸಲ ಸಲ ಹೇಳಿ.

ಗಂಡ ಹೆಂಡತಿ ಇಬ್ಬರೂ ಕೆಲಸಕ್ಕೆ ಹೋಗುವ ಮನೆಗಳಿಗೆ ಈ ಸಲ ಅನುಕೂಲ ಇದೆ. ಮೊಬೈಲಿನಲ್ಲೇ ತಾವೇ ವಿವರ ತುಂಬಬಹುದು. ತುಂಬಿದ ಮೇಲೆ ಒಂದು ಗುರುತಿನ ಸಂಖ್ಯೆ ಬರುತ್ತದೆ, ಗಣತಿದಾರರು ಬಂದಾಗ ಅದನ್ನು ಕೊಡಬೇಕು. ತುಂಬಿದ್ದೇವೆ ಅಂತ ಸುಮ್ನೆ ಕೂತರೆ ಕೆಲಸ ಅರ್ಧಕ್ಕೇ ನಿಂತಂತೆ. ಸಂಖ್ಯೆಯನ್ನು ಚೀಟಿಯಲ್ಲಿ ಬರೆದು ಪಕ್ಕದ ಮನೆಯ ಅಜ್ಜಿಯ ಹತ್ತಿರ ಇಟ್ಟುಹೋಗಿ.

ಗಣತಿದಾರರು ಬಂದ ದಿನ

ಅವರೂ ನನ್ನಂಥ ಟೀಚರೋ ಯಾವುದೋ ಕಚೇರಿಯ ಗುಮಾಸ್ತರೋ ಆಗಿರುತ್ತಾರೆ. ಒಬ್ಬೊಬ್ಬರಿಗೆ ನೂರೈವತ್ತು ಮನೆಯ ಆಸುಪಾಸು, ಜೊತೆಗೆ ತಮ್ಮ ಕೆಲಸ. ಚಹಾ ಕೊಡಿ. ನಿಮ್ಮ ನೋಟ್‌ಬುಕ್ ತೋರಿಸಿ, "ನಮ್ಮ ಓಣಿಯಲ್ಲಿ ಇಷ್ಟು ಒಲೆ ಇವೆ, ಈ ಮೂರು ಕೋಣೆ ನಿಮ್ಮ ಪಟ್ಟಿಯಲ್ಲಿ ಇವೆಯಾ ನೋಡಿ" ಅಂತ ಕೇಳಿ. ಎದ್ದು ಹೋಗುವ ಮುಂಚೆ ಪ್ರತಿ ಮನೆಯಲ್ಲೂ ಬರೆದುಕೊಂಡ ಹೆಸರುಗಳನ್ನು ಒಮ್ಮೆ ಓದಿ ಹೇಳಲು ಕೇಳಿ. ಇದಕ್ಕೆ ಅರ್ಧ ನಿಮಿಷ ಸಾಕು. ಓದುವಾಗಲೇ ಒಳಗಿನಿಂದ ಯಾರೋ "ಅವ್ವನ ಹೆಸರ ಬಿಟ್ರಲ್ಲ" ಅಂತ ಕೂಗುವುದನ್ನು ನಾನು ಎಷ್ಟೋ ಸಲ ಕೇಳಿದ್ದೇನೆ.

ಅವರ ಮೊಬೈಲ್ ನಂಬರ್, ಅವರ ಮೇಲಿನ ಮೇಲ್ವಿಚಾರಕರ ನಂಬರ್ ಬರೆದಿಟ್ಟುಕೊಳ್ಳಿ. ಸಾಮಾನ್ಯವಾಗಿ ಆರು ಗಣತಿದಾರರಿಗೆ ಒಬ್ಬ ಮೇಲ್ವಿಚಾರಕರು ಇರುತ್ತಾರೆ. ಅವರೂ ಸ್ಪಂದಿಸದಿದ್ದರೆ ಚಾರ್ಜ್ ಅಧಿಕಾರಿಯ ಹತ್ತಿರ ಹೋಗಿ, ತಾಲ್ಲೂಕಿನಲ್ಲಿ ಅದು ತಹಶೀಲ್ದಾರರು. ದೂರು ಅಂತ ಹೋಗಬೇಡಿ, ಪಟ್ಟಿ ಹಿಡಿದು ಹೋಗಿ. "ಈ ಏಳು ಮನೆಗೆ ಯಾರೂ ಬಂದಿಲ್ಲ" ಅಂತ ವಿಳಾಸ ಸಮೇತ ಬರೆದು ಕೊಟ್ಟರೆ ಅವರಿಗೂ ಕೆಲಸ ಮಾಡಲು ಸುಲಭ.

ಫೆಬ್ರವರಿ 28ರ ರಾತ್ರಿಯ ಬಗ್ಗೆಯೂ ಮೊದಲೇ ಯೋಚಿಸಿ. 2011ರಲ್ಲಿ ಮನೆ ಇಲ್ಲದವರನ್ನು ಎಣಿಸಿದ್ದು ಅದೊಂದೇ ರಾತ್ರಿ. ದೇಶದಲ್ಲಿ 17.7 ಲಕ್ಷ ಜನ ಸಿಕ್ಕರು. ಹುಬ್ಬಳ್ಳಿ ರೈಲು ನಿಲ್ದಾಣದ ಹೊರಗೆ, ಹಳೇ ಬಸ್ ನಿಲ್ದಾಣದ ಸುತ್ತ, ಸಿದ್ಧಾರೂಢ ಮಠದ ಆಸುಪಾಸಿನಲ್ಲಿ, ಗದಗ ಬಸ್ ನಿಲ್ದಾಣದ ಕಟ್ಟೆಗಳ ಮೇಲೆ ಯಾರು ಮಲಗುತ್ತಾರೆ ಅನ್ನುವುದು ಅಲ್ಲಿ ರಾತ್ರಿ ಚಹಾ ಮಾರುವವರಿಗೆ, ಆಟೋದವರಿಗೆ ಚೆನ್ನಾಗಿ ಗೊತ್ತು. ಒಂದು ವಾರ ಮುಂಚೆ ಅವರನ್ನು ಕೇಳಿ ಜಾಗಗಳ ಪಟ್ಟಿ ಮಾಡಿ ಮೇಲ್ವಿಚಾರಕರಿಗೆ ತಲುಪಿಸಿ. ರಸ್ತೆ ಬದಿ ಡೇರೆ ಹಾಕಿಕೊಂಡ ಅಲೆಮಾರಿ ಜನರ ಜಾಗವನ್ನೂ ಅದರಲ್ಲಿ ಸೇರಿಸಿ.

ಆಮೇಲೆ ಉಳಿಯುವುದು ಪರಿಷ್ಕರಣೆಯ ಸುತ್ತು. 2011ರಲ್ಲಿ ಮಾರ್ಚ್ 1ರಿಂದ 5ರವರೆಗೆ ನಾವು ಮತ್ತೊಮ್ಮೆ ಮನೆಗಳಿಗೆ ಹೋಗಿದ್ದೆವು. ಮೊದಲ ಭೇಟಿಯ ನಂತರ, ಮಾರ್ಚ್ 1 ಹುಟ್ಟುವ ಮೊದಲು ಹುಟ್ಟಿದ ಕೂಸುಗಳನ್ನು ಸೇರಿಸಿ, ತೀರಿಕೊಂಡವರನ್ನು ತೆಗೆಯುವುದು ಆ ಸುತ್ತಿನ ಕೆಲಸ. ಬಿಟ್ಟುಹೋದವರನ್ನು ಸೇರಿಸಲೂ ಅದೇ ಕೊನೆಯ ಅವಕಾಶ. ಹಾಗಾಗಿ ಫೆಬ್ರವರಿ 28ರೊಳಗೆ ನಿಮ್ಮ ನೋಟ್‌ಬುಕ್ಕಿನಲ್ಲಿ ಎಣಿಕೆ ಆಯಿತು ಅಂತ ಗುರುತು ಬೀಳದ ಮನೆಗಳು ಯಾವುವು ಅಂತ ನೋಡಿಟ್ಟುಕೊಳ್ಳಿ. ಆ ಮನೆಗಳ ಪಟ್ಟಿಯ ಒಂದು ಪ್ರತಿ ಗಣತಿದಾರರಿಗೆ, ಒಂದು ಪ್ರತಿ ಮೇಲ್ವಿಚಾರಕರಿಗೆ ಕೊಡಿ, ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿ ಯಾವ ಮನೆಗೆ ಎಷ್ಟು ಹೊತ್ತಿಗೆ ಬರುತ್ತೀರಿ ಅಂತ ಕೇಳಿ, ಆ ಹೊತ್ತಿಗೆ ಆ ಮನೆಯವರು ಇರುವಂತೆ ಹೇಳಿಟ್ಟುಬಿಡಿ.